ಜೂನ್ 25ರ ಕಾರ್ಡು: ಬೋರ್ಡಿಗೆ ಯಾವ ಸಾಲು, ಯಾವುದು ಬೇಡ

ಗುಂಪು: ದೊಡ್ಡಮನೆ ಬಳಗ
ಜೂನ್ 24, ಸಂಜೆ

ಶ್ರೀಧರ ಚಿಕ್ಕಪ್ಪ 6:10
[ಫಾರ್ವರ್ಡ್ ಆದ ಚಿತ್ರ]
ಇತಿಹಾಸದಲ್ಲಿ ಈ ದಿನ: ಜೂನ್ 25
1932: ಲಾರ್ಡ್ಸ್‌ನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು
1975: ದೇಶದಲ್ಲಿ ಮೊದಲ ಬಾರಿಗೆ ತುರ್ತು ಪರಿಸ್ಥಿತಿ, ರೇಡಿಯೋದಲ್ಲಿ ಇಂದಿರಾ ಗಾಂಧಿ ಘೋಷಣೆ
1983: ಕಪಿಲ್ ದೇವ್ 175 ರನ್, ಭಾರತಕ್ಕೆ ವಿಶ್ವಕಪ್
2009: ಮೈಕೆಲ್ ಜಾಕ್ಸನ್ ನಿಧನ
ಹುಟ್ಟಿದವರು: ಮೌಂಟ್‌ಬ್ಯಾಟನ್, ಸುಚೇತಾ ಕೃಪಲಾನಿ, ವಿ.ಪಿ. ಸಿಂಗ್, ಇಂಗ್ಲೆಂಡಿನಲ್ಲಿ ಜಾರ್ಜ್ ಆರ್ವೆಲ್

ಶ್ರೀಧರ ಚಿಕ್ಕಪ್ಪ 6:11
ಸುಧಕ್ಕ, ನಾಳೆ ಪ್ರಾರ್ಥನೆ ಹೊತ್ತಿಗೆ ನಿಮ್ಮ ಸ್ಕೂಲ್ ಬೋರ್ಡಿಗೆ ಇದನ್ನೇ ಬರೆಸಿಬಿಡು.

ಸುಧತ್ತೆ 6:19
ಜಾಗ ಇರೋದು ನಾಲ್ಕು ಸಾಲಿಗೆ ಕಣೋ. ಯಾವ ನಾಲ್ಕು ಅಂತ ಎಲ್ಲರೂ ಹೇಳಿ. ಮಕ್ಕಳು ಬೋರ್ಡಲ್ಲಿ ಇದ್ದದ್ದನ್ನ ಹಾಗೇ ನೋಟ್‌ಬುಕ್ಕಿಗೆ ಇಳಿಸ್ಕೊಳ್ತಾರೆ. ಒಂದಂಕಿ ತಪ್ಪಿದ್ರೂ ಕಷ್ಟ.

ವಿಶ್ವಣ್ಣ 6:24
ಅತ್ತೆ, ಹೀಗೇ ಬರೆಸಬೇಡಿ. 1983ರ ಸಾಲಲ್ಲಿ ಎರಡು ಪಂದ್ಯ ಒಂದಾಗಿಬಿಟ್ಟಿವೆ. 175 ನಾಟೌಟ್ ಹೊಡೆದದ್ದು ಜೂನ್ 18ಕ್ಕೆ, ಟನ್‌ಬ್ರಿಜ್ ವೆಲ್ಸ್‌ನಲ್ಲಿ, ಜಿಂಬಾಬ್ವೆ ಮೇಲೆ. 17ಕ್ಕೆ 5 ವಿಕೆಟ್ ಬಿದ್ದಿದ್ದಾಗ. ಫೈನಲ್‌ನಲ್ಲಿ ಕಪಿಲ್ ಹೊಡೆದದ್ದು 15.

ಶ್ರೀಧರ ಚಿಕ್ಕಪ್ಪ 6:27
ಅದೇ ವಿಶ್ವಕಪ್ಪು, ಅದೇ ತಿಂಗಳು. ಆ 175 ಇಲ್ಲದಿದ್ರೆ ಫೈನಲ್ಲೇ ಇರ್ತಿರಲಿಲ್ಲ. ಮಕ್ಕಳಿಗೆ ಅಷ್ಟು ಸಾಕು.

ವಿಶ್ವಣ್ಣ 6:33
ಸಾಲದು ಚಿಕ್ಕಪ್ಪ. ತಲೆಬರಹವೇ "ಈ ದಿನ" ಅಂತ ಇರೋವಾಗ ಬೇರೆ ದಿನದ ರನ್ ಅಲ್ಲಿ ಬರೋ ಹಾಗಿಲ್ಲ. 175 ಹಾಕಿದ್ರೆ ಫೈನಲ್ ಏನಾಗಿತ್ತು ಅನ್ನೋದೇ ಮುಚ್ಚಿಹೋಗತ್ತೆ. ಅವತ್ತು ಯಾರೂ ನೂರು ಹೊಡೀಲಿಲ್ಲ, ಐವತ್ತೂ ಹೊಡೀಲಿಲ್ಲ. ಎರಡೂ ಕಡೆ ಸೇರಿಸಿ ಜಾಸ್ತಿ ಅಂದ್ರೆ ಶ್ರೀಕಾಂತ್ 38. ಭಾರತ 54.4 ಓವರಲ್ಲಿ 183ಕ್ಕೆ ಆಲೌಟ್. ವೆಸ್ಟ್ ಇಂಡೀಸ್ 52 ಓವರಲ್ಲಿ 140. ಗೆದ್ದದ್ದು ಬೌಲಿಂಗ್‌ನಿಂದ: ಮೊಹಿಂದರ್ 7 ಓವರ್ 12 ರನ್ 3 ವಿಕೆಟ್, ಮದನ್‌ಲಾಲ್ 12 ಓವರ್ 31 ರನ್ 3 ವಿಕೆಟ್. ಕಪಿಲ್ ದೊಡ್ಡ ಕೆಲಸ ಅವತ್ತು ಬ್ಯಾಟಲ್ಲಿ ಆಗಲಿಲ್ಲ, ಹಿಂದಕ್ಕೆ ಓಡಿ ಹಿಡಿದ ರಿಚರ್ಡ್ಸ್ ಕ್ಯಾಚಲ್ಲಿ ಆಯ್ತು. ರಿಚರ್ಡ್ಸ್ 33ಕ್ಕೆ ಔಟಾದಾಗ ಸ್ಕೋರ್ 57ಕ್ಕೆ 3. ಅಲ್ಲಿಂದ 76ಕ್ಕೆ 6.

ಕಾವ್ಯ 6:36
ನಮ್ಮ ಕರ್ನಾಟಕದ ಬಿನ್ನಿ, ಕಿರ್ಮಾನಿ ಹೆಸರು ಬರಲೇಬೇಕು ವಿಶ್ವಣ್ಣ. ನಮ್ಮ ಸ್ಕೂಲ್ ಬೋರ್ಡಲ್ಲಿ ಅವರಿಲ್ಲ ಅಂದ್ರೆ ಹೇಗೆ?

ವಿಶ್ವಣ್ಣ 6:41
ಬರಲಿ, ಆದ್ರೆ ಅವತ್ತು ಮಾಡಿದ್ದೇ ಬರಲಿ. ಬಿನ್ನಿ 18 ವಿಕೆಟ್ ಇಡೀ ಟೂರ್ನಿಯ ಲೆಕ್ಕ, ಎಲ್ಲರಿಗಿಂತ ಜಾಸ್ತಿ. ಫೈನಲ್‌ನಲ್ಲಿ ಒಂದೇ ವಿಕೆಟ್, 10 ಓವರಿಗೆ 23 ರನ್. ಆದ್ರೆ ಆ ಒಂದು ಯಾರದು? ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್. ಕಿರ್ಮಾನಿದು ಸಂಧು ಬೌಲಿಂಗಲ್ಲಿ ಬ್ಯಾಕಸ್ ಕ್ಯಾಚ್, ಜೊತೆಗೆ ಕೊನೇಲಿ ನಿಂತು ಹೊಡೆದ 14 ರನ್. 183ರಲ್ಲಿ ಆ 14 ಸಣ್ಣದಲ್ಲ.

ಸುಧತ್ತೆ 6:44
"ಲಾಯ್ಡ್ ವಿಕೆಟ್: ರೋಜರ್ ಬಿನ್ನಿ". ಇದು ಸೇರಿಸ್ತೀನಿ. 1932ರದ್ದು?

ವಿಶ್ವಣ್ಣ 6:52
ಅದು ಪೂರ್ತಿ ಉಲ್ಟಾ. ಮೊದಲ ಟೆಸ್ಟ್ ಹೌದು, ಗೆಲುವಲ್ಲ. ಇಂಗ್ಲೆಂಡ್ 259, 275ಕ್ಕೆ 8 ಡಿಕ್ಲೇರ್. ನಾವು 189, 187. 158 ರನ್ನಿಂದ ಸೋತ್ವಿ. ಮೊದಲ ಗೆಲುವು 1952ರ ಫೆಬ್ರವರಿ 10ಕ್ಕೆ, ಮದ್ರಾಸಲ್ಲಿ, ಅದೇ ಇಂಗ್ಲೆಂಡ್ ಮೇಲೆ ಇನಿಂಗ್ಸ್ ಮತ್ತು 8 ರನ್ನಿಂದ.

ಸೋತರೂ ಆ ಪಂದ್ಯ ಬೋರ್ಡಿಗೆ ಯೋಗ್ಯವೇ ಅತ್ತೆ. ಮೊದಲ ದಿನ ಬೆಳಿಗ್ಗೆ ಮೊಹಮ್ಮದ್ ನಿಸಾರ್ ಇಬ್ಬರು ಓಪನರನ್ನೂ ಬೌಲ್ಡ್ ಮಾಡಿದ್ರು, ವೂಲಿ ರನೌಟ್, ಇಂಗ್ಲೆಂಡ್ 19ಕ್ಕೆ 3. ಆ ಇನಿಂಗ್ಸ್‌ನಲ್ಲಿ ನಿಸಾರ್‌ಗೆ 5 ವಿಕೆಟ್. ಪ್ರವಾಸದ ನಾಯಕರು ಪೋರಬಂದರ್ ಮಹಾರಾಜರು, ಟೆಸ್ಟ್‌ನಲ್ಲಿ ಅವರು ಹಿಂದೆ ಸರಿದು ಸಿ.ಕೆ. ನಾಯುಡು ನಾಯಕರಾದ್ರು.

ಕಾವ್ಯ 6:55
1932ಕ್ಕೆ ಇನ್ನೊಂದು ಎಚ್ಚರಿಕೆ. ಅದು ಮೂರು ದಿನದ ಟೆಸ್ಟ್, ಜೂನ್ 25ಕ್ಕೆ ಶುರುವಾಗಿದ್ದಷ್ಟೇ. ಆಟ ನಡೆದದ್ದು 25, 27, 28. 26 ಭಾನುವಾರ, ಬಿಡುವು. "ಸೋತ ದಿನ" ಅಂತ ಯಾರಾದ್ರೂ ಬರೆದ್ರೆ ಅದು 28.

ಶ್ರೀಧರ ಚಿಕ್ಕಪ್ಪ 6:58
26 ಭಾನುವಾರ ಅಂತ ಇಷ್ಟು ಗ್ಯಾರಂಟಿಯಾಗಿ ಹೇಗೆ ಹೇಳ್ತೀಯಮ್ಮ? ತೊಂಬತ್ತು ವರ್ಷದ ಹಿಂದಿನ ಕ್ಯಾಲೆಂಡರ್ ಇಟ್ಕೊಂಡಿದೀಯಾ?

ಕಾವ್ಯ 7:06
ಕ್ಯಾಲೆಂಡರ್ ಬೇಡ ಚಿಕ್ಕಪ್ಪ, ಬಾಯಿಲೆಕ್ಕ ಸಾಕು. ವಾರ ಗೊತ್ತಿರೋ ಒಂದು ದಿನ ತಗೊಳ್ಳಿ. 1983ರ ಫೈನಲ್ ಶನಿವಾರ. ಅಲ್ಲಿಂದ 1932ಕ್ಕೆ 51 ವರ್ಷ. ವರ್ಷಕ್ಕೊಂದು ವಾರ ಸರಿಯತ್ತೆ, ಫೆಬ್ರವರಿ 29 ಬಂದಾಗೆಲ್ಲ ಇನ್ನೊಂದು ಸೇರತ್ತೆ. 1936ರಿಂದ 1980ರವರೆಗೆ 12 ಫೆಬ್ರವರಿ 29. 51ಕ್ಕೆ 12 ಸೇರಿಸಿದ್ರೆ 63, ಏಳರಿಂದ ಸರಿಯಾಗಿ ಭಾಗ ಹೋಗತ್ತೆ. ಅಂದ್ರೆ ಅದೂ ಶನಿವಾರ, ಮಾರನೇ ದಿನ ಭಾನುವಾರ.

ಎಡವೋದು ಒಂದೇ ಕಡೆ. 1932 ಕೂಡ ಅಧಿಕ ವರ್ಷ ಅಂತ ಅದನ್ನೂ ಎಣಿಸಿಬಿಡ್ತಾರೆ. ನಾವು ಹೊರಟಿದ್ದು ಜೂನಿಂದ, ಆ ವರ್ಷದ ಫೆಬ್ರವರಿ ಆಗಲೇ ಕಳೆದಿದೆ. ಎಣಿಸಿದ್ರೆ ಲೆಕ್ಕ 64 ಆಗಿ ಒಂದು ದಿನ ತಪ್ಪತ್ತೆ.

ವಿಶ್ವಣ್ಣ 7:08
ಎರಡೂ ಲಾರ್ಡ್ಸ್, ಎರಡೂ ಶನಿವಾರ! ಇದನ್ನ ಮಕ್ಕಳಿಗೆ ಲೆಕ್ಕ ಮಾಡೋಕೇ ಕೊಡಿ ಅತ್ತೆ.

ದೊಡ್ಡಪ್ಪ 7:20
ಕ್ರಿಕೆಟ್ ಆಯ್ತಲ್ಲ, 1975ಕ್ಕೆ ಬನ್ನಿ. ಆ ಒಂದು ಸಾಲಿನಲ್ಲಿ ಎರಡು ತಪ್ಪಿದೆ. ಮೊದಲನೆಯದು, "ಮೊದಲ ಬಾರಿಗೆ" ಅಲ್ಲ. 1962ರ ಅಕ್ಟೋಬರ್ 26ಕ್ಕೆ ಚೀನಾ ಯುದ್ಧದ ಹೊತ್ತಿನಲ್ಲಿ ಒಂದು, 1971ರ ಡಿಸೆಂಬರ್ 3ಕ್ಕೆ ಪಾಕಿಸ್ತಾನ ಯುದ್ಧದ ಹೊತ್ತಿನಲ್ಲಿ ಇನ್ನೊಂದು. 1971ರದ್ದು 1975ರಲ್ಲೂ ಜಾರಿಯಲ್ಲೇ ಇತ್ತು, ಅದರ ಮೇಲೆ ಇನ್ನೊಂದನ್ನು ಹೇರಿದರು. 1975ರದ್ದು ಬೇರೆಯಾಗೋದು ಕಾರಣದಲ್ಲಿ: ಆಂತರಿಕ ಗಲಭೆ ಅನ್ನೋ ಕಾರಣ ಕೊಟ್ಟು ಹೇರಿದ್ದು ಅದೇ ಮೊದಲು.

ಎರಡನೆಯದು, ರೇಡಿಯೋ ಭಾಷಣ 26ರ ಬೆಳಿಗ್ಗೆ. 25ಕ್ಕೆ ದೇಶಕ್ಕೆ ಏನೂ ಗೊತ್ತಿರಲಿಲ್ಲ.

ಶ್ರೀಧರ ಚಿಕ್ಕಪ್ಪ 7:24
ಅಣ್ಣ, ಎಲ್ಲ ಕಡೆ ಜೂನ್ 25 ಅಂತಲೇ ಇದೆ. ಭಾಷಣ 26 ಅಂದ್ಮೇಲೆ ಸಾಲನ್ನೇ 26ಕ್ಕೆ ಹಾಕಬೇಕಾ? ಒಂದು ರಾತ್ರಿ ಆಚೀಚೆ ಆದ್ರೆ ಏನಾಗತ್ತೆ?

ದೊಡ್ಡಪ್ಪ 7:41
ಆ ಒಂದು ರಾತ್ರಿಯೇ ಇಲ್ಲಿ ವಿಷಯ ಶ್ರೀಧರ. ಕ್ರಮವಾಗಿ ನೋಡು. ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಅವರ ಆಯ್ಕೆಯನ್ನು ರದ್ದು ಮಾಡಿತು. 24ಕ್ಕೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. 25ರ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ಹೋರಾಟದ ಮುಂದಾಳು ಜಯಪ್ರಕಾಶ್ ನಾರಾಯಣ್ (ಜೆಪಿ) ಸಭೆ. ಅದೇ ರಾತ್ರಿ, ನಡುರಾತ್ರಿಗೆ ಸ್ವಲ್ಪ ಮುಂಚೆ, ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದರು. ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ಕರೆಂಟ್ ಹೋಯಿತು. ಜೆಪಿಯನ್ನು ಬೆಳಗಾಗುವ ಮೊದಲೇ ಹಿಡಿದರು. ಸಂಪುಟ ಸೇರಿದ್ದು 26ರ ಬೆಳಿಗ್ಗೆ 6ಕ್ಕೆ, ಎಲ್ಲಾ ಮುಗಿದ ಮೇಲೆ.

ಸಹಿ ಮೊದಲು, ಸಂಪುಟ ಆಮೇಲೆ. ಸಂಪುಟಕ್ಕೆ ತರೋಕೆ ಈ ರಾತ್ರಿ ಆಗೋದಿಲ್ಲ, 1961ರ ಕಾರ್ಯಕಲಾಪ ನಿಯಮಗಳ 12ನೇ ನಿಯಮ ಬಳಸಿಕೊಳ್ತಿದ್ದೇನೆ ಅಂತ ಪ್ರಧಾನಿ ರಾಷ್ಟ್ರಪತಿಗೆ ಪತ್ರ ಬರೆದಿದ್ದರು. ಅದಕ್ಕೇ 1978ರ 44ನೇ ತಿದ್ದುಪಡಿಯಲ್ಲಿ ಎರಡು ಬದಲಾವಣೆ ತಂದರು. ಸಂಪುಟದ ತೀರ್ಮಾನ ಲಿಖಿತವಾಗಿ ತಲುಪದೆ ರಾಷ್ಟ್ರಪತಿ ಘೋಷಣೆ ಹೊರಡಿಸುವ ಹಾಗಿಲ್ಲ, ಇದು 352ನೇ ವಿಧಿಯ 3ನೇ ಖಂಡ. "ಆಂತರಿಕ ಗಲಭೆ" ಹೋಗಿ "ಸಶಸ್ತ್ರ ಬಂಡಾಯ" ಬಂತು. 25, 26 ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಆ ತಿದ್ದುಪಡಿ ಯಾಕೆ ಬಂತು ಅನ್ನೋದೇ ಮಗುವಿಗೆ ತಿಳಿಯೋದಿಲ್ಲ.

ಸುಧತ್ತೆ 7:46
ಹಾಗಾದ್ರೆ ಯಾವ ತಾರೀಕು ಬರೆಸಲಿ ಅಣ್ಣ?

ದೊಡ್ಡಪ್ಪ 7:50
ಘೋಷಣೆಯ ಪತ್ರದ ಮೇಲಿರೋದು 25. ಗೆಜೆಟ್‌ನಲ್ಲಿ ಪ್ರಕಟವಾದದ್ದು 26. ನಾಳೆ "25ರ ರಾತ್ರಿ ರಾಷ್ಟ್ರಪತಿ ಸಹಿ" ಅಂತ ಬರೆಸು. ನಾಡಿದ್ದಿನ ಬೋರ್ಡಿಗೆ ಸಂಪುಟ, ರೇಡಿಯೋ ಭಾಷಣ, ಬೆಂಗಳೂರಿನ ಬಂಧನಗಳು. ಸಂಸದೀಯ ಸಮಿತಿ ಕೆಲಸಕ್ಕೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು 26ಕ್ಕೆ ಬೆಂಗಳೂರಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ಫ್ರೀಡಂ ಪಾರ್ಕ್ ಇರೋ ಜಾಗ ಅದೇ.

ಶ್ರೀಧರ ಚಿಕ್ಕಪ್ಪ 7:55
ಆಯ್ತು, ಒಪ್ಪಿದೆ. ಆದ್ರೆ ಮೈಕೆಲ್ ಜಾಕ್ಸನ್ ಸಾಲು ಇರಲಿ. ಮಕ್ಕಳು ಅದನ್ನೇ ಮೊದಲು ಓದೋದು.

ಕಾವ್ಯ 8:02
ತಾರೀಕು ಸರಿ ಇದೆ ಚಿಕ್ಕಪ್ಪ. ಲಾಸ್ ಏಂಜಲೀಸ್‌ನಲ್ಲಿ ಮಧ್ಯಾಹ್ನ 2:26. ಬೇಸಿಗೆ ಸಮಯದಲ್ಲಿ ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಇಲ್ಲಿ ಆಗ 26ರ ಬೆಳಗಿನ ಜಾವ 2:56. ಘಟನೆ ಎಲ್ಲಿ ನಡೆಯಿತೋ ಅಲ್ಲಿನ ಗಡಿಯಾರವೇ ಲೆಕ್ಕಕ್ಕೆ, ಹಾಗಾಗಿ 25. ಕೊರಿಯಾ ಯುದ್ಧವೂ ಹೀಗೇ. ಅಲ್ಲಿ 1950ರ ಜೂನ್ 25 ಭಾನುವಾರ ನಸುಕಿಗೆ ಶುರು, ಟ್ರೂಮನ್‌ಗೆ ಸುದ್ದಿ ಮುಟ್ಟಿದಾಗ ಅಮೆರಿಕದಲ್ಲಿ ಇನ್ನೂ 24ರ ರಾತ್ರಿ.

ದೊಡ್ಡಪ್ಪ 8:05
ತಾರೀಕು ಸರಿಯಿದ್ದ ಮಾತ್ರಕ್ಕೆ ಬೋರ್ಡಿಗೆ ಬರಬೇಕಾ? ನಾಲ್ಕೇ ಸಾಲು. ಆ ಜಾಗ ಸುಚೇತಾ ಕೃಪಲಾನಿಗೆ ಕೊಡು ಸುಧಾ. 1908ರಲ್ಲಿ ಹುಟ್ಟಿದವರು, 1963ರ ಅಕ್ಟೋಬರ್ 2ಕ್ಕೆ ಉತ್ತರ ಪ್ರದೇಶದ ಮುಖ್ಯಮಂತ್ರಿಯಾದವರು. ದೇಶದಲ್ಲೇ ಮುಖ್ಯಮಂತ್ರಿಯಾದ ಮೊದಲ ಮಹಿಳೆ.

ಶ್ರೀಧರ ಚಿಕ್ಕಪ್ಪ 8:09
ಹುಟ್ಟಿದವರ ಸಾಲು ಬೇರೆ ಇದೆಯಲ್ಲಣ್ಣ, ಅವರು ಅಲ್ಲಿದ್ದಾರೆ. ಕಲೆಗೆ ಒಂದು ಸಾಲೂ ಬೇಡವಾ? ಕ್ರಿಕೆಟ್ಟಿಗೆ ಎರಡು, ರಾಜಕೀಯಕ್ಕೆ ಎರಡು!

ಕಾವ್ಯ 8:12
ಚಿಕ್ಕಪ್ಪ ಹೇಳೋದ್ರಲ್ಲಿ ನ್ಯಾಯ ಇದೆ. ಕಲೆಗೇ ಬೇಕು ಅಂದ್ರೆ ಹಿಂದಿ ಸಿನಿಮಾ ಸಂಗೀತದ ಮದನ್ ಮೋಹನ್ ಹುಟ್ಟಿದ್ದೂ 1924ರ ಇದೇ ದಿನ. ಇನ್ನು ಆರ್ವೆಲ್, ಇಂಗ್ಲೆಂಡ್ ಅಲ್ಲ. ಹುಟ್ಟಿದ್ದು 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ, ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್. ತಂದೆ ಅಲ್ಲಿ ಅಫೀಮು ಇಲಾಖೆಯಲ್ಲಿದ್ದರು.

ಸುಧತ್ತೆ 8:20
ಹುಟ್ಟಿದವರ ಸಾಲಲ್ಲಿ ಮೂವರು: ಆರ್ವೆಲ್ (ಮೋತಿಹಾರಿ, 1903), ಸುಚೇತಾ ಕೃಪಲಾನಿ (1908), ಮದನ್ ಮೋಹನ್ (1924). ಮೌಂಟ್‌ಬ್ಯಾಟನ್, ವಿ.ಪಿ. ಸಿಂಗ್ ಪಠ್ಯಪುಸ್ತಕದಲ್ಲಿ ಸಿಗ್ತಾರೆ, ಬಿಡ್ತೀನಿ. ಜಾಕ್ಸನ್‌ಗೆ ಜಾಗ ಇಲ್ಲ ಶ್ರೀಧರ.

ಶ್ರೀಧರ ಚಿಕ್ಕಪ್ಪ 8:22
ನನಗೆ ಸಮಾಧಾನ ಇಲ್ಲ. ಆದ್ರೂ ಮದನ್ ಮೋಹನ್ ಬಂದ್ರಲ್ಲ. ಹಾಗೇ ಕೆಂಪೇಗೌಡ ಜಯಂತಿ ಸೇರಿಸಬಹುದಲ್ವಾ?

ದೊಡ್ಡಪ್ಪ 8:23
ಅದು 27. ಶುಕ್ರ ಶನಿ ಅಂತ ವಾರ ನೋಡಬೇಡ, ಸರ್ಕಾರ ಆಚರಿಸೋ ತಾರೀಕು ಪ್ರತಿ ವರ್ಷ ಅದೇ. ಬಸವ ಜಯಂತಿ ಹಾಗಲ್ಲ, ವೈಶಾಖ ಶುದ್ಧ ತದಿಗೆ ಯಾವತ್ತು ಬೀಳತ್ತೋ ಅವತ್ತು. ತಿಥಿಯಿಂದ ಬರೋದನ್ನ ಇಂಥ ಕಾರ್ಡಿಗೆ ಸೇರಿಸಲೇಬಾರದು, ಮುಂದಿನ ವರ್ಷ ಅದೇ ಕಾರ್ಡ್ ಸುಳ್ಳಾಗತ್ತೆ.

ಸುಧತ್ತೆ 8:34
ಬರೆಸೋದು ಇಷ್ಟು. ಕೊನೇ ಸಲ ಕಣ್ಣಾಡಿಸಿ.
1932: ಭಾರತದ ಮೊದಲ ಟೆಸ್ಟ್ ಲಾರ್ಡ್ಸ್‌ನಲ್ಲಿ ಆರಂಭ, ನಾಯಕ ಸಿ.ಕೆ. ನಾಯುಡು
1975: ಆಂತರಿಕ ಗಲಭೆ ಕಾರಣ ನೀಡಿ ತುರ್ತು ಪರಿಸ್ಥಿತಿ, ರಾತ್ರಿ ರಾಷ್ಟ್ರಪತಿ ಸಹಿ
1983: 50 ಓವರಿನ ವಿಶ್ವಕಪ್ ಫೈನಲ್‌ನಲ್ಲಿ ಭಾರತಕ್ಕೆ 43 ರನ್ ಗೆಲುವು, ಲಾಯ್ಡ್ ವಿಕೆಟ್ ಬಿನ್ನಿಗೆ
ಹುಟ್ಟಿದವರು: ಜಾರ್ಜ್ ಆರ್ವೆಲ್, ಸುಚೇತಾ ಕೃಪಲಾನಿ, ಮದನ್ ಮೋಹನ್

ವಿಶ್ವಣ್ಣ 8:35
ಅತ್ತೆ, 50 ಅಲ್ಲ, 60 ಓವರ್! ನಾವೇ 54.4 ಆಡಿದ್ದೀವಿ, 50ರಲ್ಲಿ ಅದು ಹೇಗೆ ಆಗತ್ತೆ? ವಿಶ್ವಕಪ್ 50 ಓವರಿಗೆ ಇಳಿದದ್ದು 1987ರಲ್ಲಿ.

ಸುಧತ್ತೆ 8:37
60 ಮಾಡಿದೆ. 26ರ ಸಾಲುಗಳನ್ನ ನಾಳೆ ಸಂಜೆಯೊಳಗೆ ಕಳಿಸು ಅಣ್ಣ, ಗೆಜೆಟ್ ಸಾಲೂ ಸೇರಿಸಿ.