ಎರಡು ವರ್ಷದೊಳಗಿನ ಮಕ್ಕಳಿಂದ ದೊಡ್ಡವರು ನಿಜವಾಗಿ ಕಲಿಯಬಹುದಾದದ್ದು ಏನಾದರೂ ಇದೆಯೇ?

ಅಘನಾಶಿನಿ ತೀರ (ಕುಮಟಾ) ಕೇಳಿದ ಪ್ರಶ್ನೆ

ನಮ್ಮ ಊರಿನ ಮಹಿಳಾ ಸ್ವಸಹಾಯ ಸಂಘದ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಮುಂದಿನ ಸಭೆಯಲ್ಲಿ ‘ಪುಟ್ಟ ಮಕ್ಕಳಿಂದ ನಾವು ಕಲಿಯುವುದು’ ಎಂಬ ವಿಷಯದ ಮೇಲೆ ಸ್ವಲ್ಪ ಹೊತ್ತು ಮಾತನಾಡಬೇಕೆಂದು ಸದಸ್ಯರು ಕೇಳಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಈ ಬಗೆಯ ಸಂದೇಶಗಳಿಗೇನೂ ಬರವಿಲ್ಲ. ಮಗು ದ್ವೇಷ ಇಟ್ಟುಕೊಳ್ಳುವುದಿಲ್ಲ, ಮಗು ನಾಳೆಯ ಚಿಂತೆ ಮಾಡುವುದಿಲ್ಲ, ಮಗುವಿನಂತೆ ಸದಾ ನಗುತ್ತಿರಿ ಎಂಬ ಮೂರು ಮಾತುಗಳನ್ನೇ ಸೂರ್ಯೋದಯದ ಚಿತ್ರದ ಮೇಲೆ ಬರೆದು ದಿನವೂ ಯಾರಾದರೊಬ್ಬರು ಕಳುಹಿಸುತ್ತಾರೆ. ಆದರೆ ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗ ಇರುವವಳಿಗೆ ಇವನ್ನು ಗಂಭೀರವಾಗಿ ಹೇಳಲು ಬಾಯಿ ಬರುವುದಿಲ್ಲ. ಅವನು ದ್ವೇಷ ಇಟ್ಟುಕೊಳ್ಳುವುದಿಲ್ಲ ಎಂಬುದು ನಿಜ, ಆದರೆ ಪಕ್ಕದ ಮನೆಯ ಹುಡುಗಿಯ ಕೈ ಕಚ್ಚಿದ್ದನ್ನೂ ಅಷ್ಟೇ ಬೇಗ ಮರೆಯುತ್ತಾನೆ. ಸದಾ ನಗುವುದಂತೂ ದೂರದ ಮಾತು.

ಆದರೂ ಒಂದು ಸಂಗತಿ ನನ್ನ ಗಮನ ಸೆಳೆದಿದೆ. ನಮ್ಮ ಜಗಲಿಯಿಂದ ಅಂಗಳಕ್ಕೆ ಇಳಿಯಲು ಎತ್ತರದ ಒಂದು ಮೆಟ್ಟಿಲಿದೆ. ಮೊದಮೊದಲು ಅವನು ಮುಂದಕ್ಕೆ ಬಾಗಿ ಎರಡೂ ಕೈಗಳನ್ನು ಕೆಳಗೆ ಊರಲು ನೋಡುತ್ತಿದ್ದ, ಅದು ಆಗಲಿಲ್ಲ. ಆಮೇಲೆ ಕುಳಿತುಕೊಂಡೇ ಜಾರಿ ನೋಡಿದ. ಈಗ ಹಿಂದು ಮುಂದಾಗಿ ತಿರುಗಿ, ಹೊಟ್ಟೆಯನ್ನು ಜಗಲಿಗೆ ಒತ್ತಿ, ಒಂದು ಕಾಲನ್ನು ಇಳಿಬಿಟ್ಟು, ಹೆಬ್ಬೆರಳಿಗೆ ಕಲ್ಲು ತಾಗುವವರೆಗೆ ಗಾಳಿಯಲ್ಲಿ ತಡಕಾಡುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ, ಮಾಡಿದ್ದನ್ನೇ ಅವನು ಮತ್ತೆ ಮತ್ತೆ ಮಾಡಲೂ ಇಲ್ಲ. ಪ್ರತಿ ಸಲವೂ ಸ್ವಲ್ಪ ಬದಲಿಸಿ ನೋಡಿದ.

ನಮ್ಮ ಸಂಘದಲ್ಲಿ ಮೀನು ಮಾರುವವರು, ತರಕಾರಿ ಮಾರುವವರು ಹೆಚ್ಚು. ಎಲ್ಲರ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಕೋಡ್‌ನ ಹಲಗೆ ಇದೆ, ಕೈಯಲ್ಲಿ ಮೊಬೈಲ್ ಇದೆ. ಆದರೆ ಬಂದ ಹಣವನ್ನು ನೋಡಿಕೊಳ್ಳಲು, ಯಾರಿಗಾದರೂ ಕಳುಹಿಸಲು ಮಗನೋ ಸೊಸೆಯೋ ಬರಬೇಕು. ಏನನ್ನಾದರೂ ಒತ್ತಿ ದುಡ್ಡು ಹೋಗಿಬಿಟ್ಟರೆ ಏನು ಗತಿ ಎನ್ನುತ್ತಾರೆ. ಅದೇ ಮೊಬೈಲ್ ನನ್ನ ಮೊಮ್ಮಗನ ಕೈಗೆ ಸಿಕ್ಕರೆ ಅವನು ಒತ್ತದ ಜಾಗವೇ ಉಳಿಯುವುದಿಲ್ಲ. ಅವನಲ್ಲಿರುವ ಈ ಗುಣವನ್ನು ಐವತ್ತು ದಾಟಿದವರು ಕಲಿಯಲು ಸಾಧ್ಯವೇ, ಅಥವಾ ಅದು ಕೇವಲ ಆ ವಯಸ್ಸಿನ ಲಕ್ಷಣವೇ? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಬೇಕು.

ಕಾಳಿ ಸೇತುವೆ (ಕಾರವಾರ)

ನಾನು ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಆದವರನ್ನು ಮತ್ತೆ ನಡೆಯುವಂತೆ ಮಾಡುವುದು ನನ್ನ ದಿನನಿತ್ಯದ ಕೆಲಸವಾದ್ದರಿಂದ, ನಡಿಗೆಯ ಮಟ್ಟಿಗೆ ಉತ್ತರಿಸುತ್ತೇನೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಅವರ ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಟ್ಟು, ಪ್ರತಿ ಹೆಜ್ಜೆಯನ್ನೂ ಎಣಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸರಾಸರಿ ತೆಗೆದರೆ ಆ ಮಕ್ಕಳು ಗಂಟೆಗೆ 2,368 ಹೆಜ್ಜೆ ಇಟ್ಟಿದ್ದರು, 17 ಬಾರಿ ಬಿದ್ದಿದ್ದರು. ಸ್ಫೂರ್ತಿಯ ಭಾಷಣ ಮಾಡುವವರಿಗೆ ಈ 17 ಬಹಳ ಪ್ರಿಯ: ‘ನೋಡಿ, ಬಿದ್ದರೂ ಏಳುತ್ತದೆ’ ಎನ್ನುತ್ತಾರೆ. ನನ್ನ ವೃತ್ತಿಯಲ್ಲಿ ಬೆಲೆಯಿರುವುದು 2,368ಕ್ಕೆ. ಇಷ್ಟೊಂದು ಅಭ್ಯಾಸ ಯಾವ ದೊಡ್ಡವರೂ ಯಾವ ವಿದ್ಯೆಗೂ ಕೊಡುವುದಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ಅಂಬೆಗಾಲಿನಲ್ಲಿ ಪಳಗಿದ ಮಗುವಿಗಿಂತ ಹೊಸದಾಗಿ ನಡೆಯುವ ಮಗು ಗಂಟೆಗೆ ಹೆಚ್ಚು ಸಲ ಬೀಳುತ್ತದೆ, ಆದರೆ ಅದು ಓಡಾಡುವುದೂ ಅಷ್ಟೇ ಹೆಚ್ಚು. ಓಡಾಟದ ಪ್ರಮಾಣಕ್ಕೆ ಹೋಲಿಸಿದರೆ ಬೀಳುವುದು ಜಾಸ್ತಿಯೇನಲ್ಲ. ಚೆನ್ನಾಗಿ ಬರುತ್ತಿದ್ದ ಅಂಬೆಗಾಲನ್ನು ಬಿಟ್ಟು, ಬಾರದ ನಡಿಗೆಯನ್ನು ಹಿಡಿಯುವುದರಿಂದ ಮಗುವಿಗೆ ನಷ್ಟವಿಲ್ಲ ಎಂದು ಇದರ ಅರ್ಥ.

ಇದೇ ಗುಂಪಿನ ನಂತರದ ಕೆಲಸದಿಂದ, ಪುಟ್ಟ ಮಕ್ಕಳು ಬಿದ್ದಾಗ ಅಳುವುದು ಅಪರೂಪ, ಕೆಲವೇ ಸೆಕೆಂಡುಗಳಲ್ಲಿ ಅವರು ಆಟಕ್ಕೆ ಮರಳುತ್ತಾರೆ ಎಂಬುದೂ ತಿಳಿದುಬಂದಿದೆ. ಅದನ್ನು ಧೈರ್ಯವೆಂದು ಕರೆಯುವ ಮೊದಲು ಆ ದೇಹವನ್ನು ನೋಡಿ. ಎರಡೂವರೆ ಅಡಿ ಎತ್ತರ, ಹತ್ತು ಕಿಲೋ ತೂಕ, ಮೆತ್ತನೆಯ ಕುಂಡೆ. ನೆಲವಂತೂ ಹತ್ತಿರದಲ್ಲೇ ಇರುತ್ತದೆ. ನನ್ನ ರೋಗಿಗೆ ಅರವತ್ತೈದು ವರ್ಷ, ಎಪ್ಪತ್ತು ಕಿಲೋ. ಬಚ್ಚಲಿನಲ್ಲಿ ಒಮ್ಮೆ ಜಾರಿದರೆ ತೊಡೆಯ ಮೂಳೆ ಮುರಿಯುತ್ತದೆ, ಆಮೇಲೆ ಅವರು ಹಾಸಿಗೆ ಬಿಟ್ಟು ಏಳುತ್ತಾರೆಂಬ ಖಾತರಿಯಿಲ್ಲ. ಅಂಥವರಿಗೆ ಮಗುವಿನಂತೆ ಅಂಜಿಕೆ ಬಿಟ್ಟು ನಡೆಯಿರಿ ಎನ್ನುವುದು ಅಪಾಯಕಾರಿ ಉಪದೇಶ.

ಹಾಗಾದರೆ ನಾವು ಮಾಡುವುದೇನೆಂದರೆ, ಬೀಳುವುದನ್ನು ಅಗ್ಗ ಮಾಡುತ್ತೇವೆ. ಎರಡು ಕಡೆಯೂ ಹಿಡಿಯಲು ಕಂಬಿ, ಸೊಂಟಕ್ಕೆ ಪಟ್ಟಿ, ಹಿಂದೆ ಒಂದು ಕುರ್ಚಿ. ಇಷ್ಟಾದ ಮೇಲೂ ಮನೆಯವರು ರೋಗಿಯ ತೋಳನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಾರೆಂದರೆ, ಸಮತೋಲ ಕಾಯುವ ಕೆಲಸವನ್ನೆಲ್ಲ ಅವರೇ ಮಾಡುತ್ತಾರೆ. ರೋಗಿ ತನ್ನ ಪಾದಗಳನ್ನೇ ನೋಡುತ್ತ ಹಿಂದಿನಿಂದ ಎಳೆದಂತೆ ಬರುತ್ತಾರೆ. ತೋಳನ್ನು ಬಿಟ್ಟು, ಅಂಗೈಯನ್ನು ಬೆನ್ನಿನಿಂದ ಒಂದು ಗೇಣು ದೂರದಲ್ಲಿ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ನಿಮ್ಮ ಮೊಮ್ಮಗ ಮೆಟ್ಟಿಲು ಇಳಿಯುವಾಗ ನಿಮ್ಮ ಕೈ ಎಲ್ಲಿರುತ್ತದೆ ಎಂದು ಗಮನಿಸಿ, ಬಹುಶಃ ಅಲ್ಲೇ ಇರುತ್ತದೆ.

ಬೇಲೆಕೇರಿ ರಸ್ತೆ (ಅಂಕೋಲಾ)

ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮಲ್ಲಿ ದಿನವೂ ಕೂರುವವರು ಮೂರರಿಂದ ಆರು ವರ್ಷದವರು, ಆದರೆ ತೂಕ ನೋಡುವ ದಿನ ಎರಡು ವರ್ಷದೊಳಗಿನವರೂ ತಾಯಂದಿರ ಸೊಂಟದ ಮೇಲೆ ಬರುತ್ತಾರೆ. ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಮಕ್ಕಳ ಛಲವನ್ನು ದೇಹದ ಎತ್ತರ ತೂಕಗಳಿಂದಲೇ ವಿವರಿಸಿದರೆ ಒಂದು ಮುಖ್ಯವಾದ ಭಾಗ ಬಿಟ್ಟುಹೋಗುತ್ತದೆ.

ಛಲವನ್ನು ಮಗು ನಮ್ಮಿಂದಲೂ ಕಲಿಯುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸುಮಾರು 15 ತಿಂಗಳ ಮಕ್ಕಳಲ್ಲಿ ಕೆಲವರ ಎದುರು ದೊಡ್ಡವರು ಒಂದು ಡಬ್ಬಿಯಿಂದ ಆಟಿಕೆ ತೆಗೆಯಲು ಬಹಳ ಹೊತ್ತು ಒದ್ದಾಡಿ ಕೊನೆಗೆ ತೆಗೆದರು, ಇನ್ನು ಕೆಲವರ ಎದುರು ಸಲೀಸಾಗಿ ತೆಗೆದರು. ಆಮೇಲೆ ಮಕ್ಕಳ ಕೈಗೆ ಬೇರೆಯೇ ಒಂದು ಆಟಿಕೆ ಕೊಟ್ಟರು. ಅದರ ಮೇಲಿನ ದೊಡ್ಡ ಗುಂಡಿಯನ್ನು ಎಷ್ಟು ಒತ್ತಿದರೂ ಸಂಗೀತ ಬರುತ್ತಿರಲಿಲ್ಲ. ಒದ್ದಾಟವನ್ನು ನೋಡಿದ್ದ ಮಕ್ಕಳು ಆ ಗುಂಡಿಯನ್ನು ಹೆಚ್ಚು ಸಲ ಒತ್ತಿ ನೋಡಿದರು. ಆದ್ದರಿಂದ ನಿಮ್ಮ ಸಂಘದಲ್ಲಿ ಮೊಬೈಲ್ ಬಲ್ಲವರು ಕಲಿಸಲು ಕೂತಾಗ ಚಕಚಕನೆ ಬೆರಳಾಡಿಸಿ ತೋರಿಸದೆ, ಎಲ್ಲಿ ತಡವರಿಸಿದರು, ಹೇಗೆ ಹಿಂದಕ್ಕೆ ಬಂದರು ಎಂಬುದನ್ನೂ ತೋರಿಸುವುದು ಒಳ್ಳೆಯದು.

ಇನ್ನೊಂದು ವಿಷಯ ಸಹಾಯದ ಕುರಿತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 18 ತಿಂಗಳ ಮಕ್ಕಳ ಎದುರು ಬಟ್ಟೆ ಒಣಹಾಕುತ್ತ ಕ್ಲಿಪ್ಪು ಕೈತಪ್ಪಿ ಬಿದ್ದಂತೆ ಮಾಡಿ ನೋಡಿದರು. 2006ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಯಾರೂ ಕೇಳದಿದ್ದರೂ ಮಕ್ಕಳು ಎದ್ದು ಬಂದು ಎತ್ತಿಕೊಟ್ಟರು. ಬೇಕೆಂದೇ ಎಸೆದಾಗ ಹಾಗೆ ಎತ್ತಿಕೊಡಲಿಲ್ಲ. ಎರಡು ವರ್ಷಗಳ ನಂತರದ ಪ್ರಯೋಗದಲ್ಲಿ, ಎತ್ತಿಕೊಟ್ಟದ್ದಕ್ಕೆ ಬಹುಮಾನ ಪಡೆದ 20 ತಿಂಗಳ ಮಕ್ಕಳು ಆಮೇಲೆ ಸಹಾಯ ಮಾಡುವುದು ಕಡಿಮೆಯಾಯಿತು. ತೂಕದ ದಿನ ನಮ್ಮಲ್ಲೂ ಇದೇ ಕಾಣುತ್ತದೆ. ನಾನು ಪೆನ್ನು ಬೀಳಿಸಿದರೆ ತಾಯಿಯ ಸೆರಗು ಬಿಟ್ಟು ಬಂದು ಎತ್ತಿಕೊಡುವ ಕೂಸುಗಳಿವೆ. ಕೊಟ್ಟು, ನನ್ನ ಮುಖವನ್ನೂ ನೋಡದೆ ಹಿಂದಿರುಗುತ್ತವೆ. ಆಗ ‘ಜಾಣ, ಜಾಣ’ ಎಂದು ಚಪ್ಪಾಳೆ ತಟ್ಟಿ ಬಿಸ್ಕತ್ತು ಕೊಡುವವರು ನಾವು. ಸಂಘದಲ್ಲಿ ಒಬ್ಬರು ಇನ್ನೊಬ್ಬರಿಗೆ ಕಲಿಸಿದ್ದಕ್ಕೆ ಬಹುಮಾನದ ಯೋಜನೆ ಮಾಡುವ ಆಲೋಚನೆ ನಿಮಗಿದ್ದರೆ ದಯವಿಟ್ಟು ಕೈಬಿಡಿ.

ತೋಟದವ (ಶಿರಸಿ)

ಎಲ್ಲರೂ ವಿದ್ವತ್ಪೂರ್ಣವಾಗಿ ಬರೆದಿದ್ದೀರಿ. ಆದರೆ ಮಗುವಿಗೆ ಕಾಯಲು ಬರುವುದಿಲ್ಲ, ಹಂಚಿಕೊಳ್ಳಲು ಬರುವುದಿಲ್ಲ, ತನ್ನ ಸಿಟ್ಟನ್ನು ತಾನೇ ಹಿಡಿದಿಡಲು ಬರುವುದಿಲ್ಲ. ಅದಕ್ಕೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಈ ಗುಣಗಳನ್ನು ಸಂಪಾದಿಸಲು ಇಪ್ಪತ್ತು ಚಿಲ್ಲರೆ ವರ್ಷ ತೆಗೆದುಕೊಂಡವರು, ಅವು ಇಲ್ಲದವರ ಹತ್ತಿರ ಪಾಠಕ್ಕೆ ಹೋಗುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಅಪಾಯ ಗೊತ್ತಿಲ್ಲದವನ ಧೈರ್ಯ ಧೈರ್ಯವಲ್ಲ. ನಮ್ಮಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಐವತ್ತು ಅಡಿ ಮೇಲೆ ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಬೇಕಾಗುವುದು ಎಚ್ಚರವೇ ಹೊರತು ಮಗುವಿನ ಮನಸ್ಸಲ್ಲ.

ಇಷ್ಟು ಹೇಳಿದ ಮೇಲೆ, ಬೀಳುವುದನ್ನು ಅಗ್ಗ ಮಾಡಬೇಕೆಂದು ಫಿಸಿಯೋಥೆರಪಿಸ್ಟ್ ಅವರು ಬರೆದ ಮಾತನ್ನು ನಾನು ಒಪ್ಪಲೇಬೇಕಾಗಿದೆ. ಮರ ಹತ್ತುವುದನ್ನು ನಲವತ್ತರ ನಂತರ ಕಲಿತವರನ್ನು ನಾನು ಕಂಡಿಲ್ಲ. ಆದರೆ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದ ಮೇಲೆ, ನೆಲದ ಮೇಲೆಯೇ ನಿಂತು ಅಡಿಕೆ ಗೊನೆ ಕೊಯ್ಯುವುದನ್ನು, ಮದ್ದು ಹೊಡೆಯುವುದನ್ನು ಐವತ್ತು ಅರವತ್ತರ ತೋಟಗಾರರು ಕಲಿಯುತ್ತಿದ್ದಾರೆ. ಮೊದಲ ದಿನ ದೋಟಿಯ ತುದಿ ಗಾಳಿಗೆ ಓಲಾಡುತ್ತದೆ, ಕತ್ತಿ ಗೊನೆಯ ಬುಡಕ್ಕೆ ಕೂರುವುದೇ ಇಲ್ಲ, ಕುತ್ತಿಗೆ ಹಿಡಿದುಕೊಳ್ಳುತ್ತದೆ, ಗೊನೆ ಕೆಳಗಿನ ಬಲೆಯಿಂದಾಚೆ ಬಿದ್ದು ಅಡಿಕೆ ಚದುರುತ್ತದೆ. ತಪ್ಪಿದರೆ ಆಗುವ ನಷ್ಟವೆಂದರೆ ಚದುರಿದ ಅಡಿಕೆಯನ್ನು ಬಗ್ಗಿ ಹೆಕ್ಕುವುದು, ಅಷ್ಟೇ. ಹಾಗಾಗಿ ಅವರು ತಪ್ಪುತ್ತಾರೆ, ಮತ್ತೆ ಎತ್ತುತ್ತಾರೆ, ಹಿಡಿತ ಬದಲಿಸುತ್ತಾರೆ. ಅವರ ಸ್ವಭಾವ ಮೊದಲು ಹೇಗಿತ್ತೋ ಹಾಗೆಯೇ ಇದೆ. ತಪ್ಪಿಗೆ ತೆರಬೇಕಾದ ಬೆಲೆ ಮಾತ್ರ ಇಳಿದಿದೆ. ನಿಮ್ಮ ಸಂಘದವರ ಅಂಜಿಕೆ ದಡ್ಡತನವಲ್ಲ, ಅವರು ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ. ಮೊಬೈಲಿನ ಹಿಂದೆ ಇರುವುದು ಇಡೀ ದಿನದ ಸಂಪಾದನೆ; ನಿಮ್ಮ ಮೊಮ್ಮಗನಿಗೆ ಅದರ ಹಂಗಿಲ್ಲ.

ಚೌಕಿ ಬಾಗಿಲು (ಹೊನ್ನಾವರ)

ದುಡ್ಡಿನ ಬೆಲೆಯ ಬಗ್ಗೆ ಎಲ್ಲರೂ ಬರೆದಿರಿ, ನಾಚಿಕೆಯ ಬೆಲೆಯ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಹವ್ಯಾಸಿಗಳಿಗೆ ಬಡಗುತಿಟ್ಟಿನ ಯಕ್ಷಗಾನದ ಹೆಜ್ಜೆ ಕಲಿಸುತ್ತೇನೆ. ಆಟ ನೋಡಲು ಬಂದ ಪುಟ್ಟ ಮಕ್ಕಳು ಚೆಂಡೆ ಕೇಳಿದೊಡನೆ ರಂಗಸ್ಥಳದ ಬದಿಯಲ್ಲಿ ಕುಣಿಯುತ್ತವೆ, ತಾಳ ತಪ್ಪಿದರೂ ಅವಕ್ಕೆ ಚಿಂತೆಯಿಲ್ಲ. ಆದರೆ ಈ ನಿಶ್ಚಿಂತೆಯ ಆಯುಷ್ಯ ಬಹಳ ಕಡಿಮೆ. ಮಗುವಿಗೆ ತಿಳಿಯದಂತೆ ಮೂಗಿಗೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ಬಿಡುವ ಒಂದು ಪರೀಕ್ಷೆಯಿದೆ. 1970ರ ದಶಕದಿಂದ ಮನೋವಿಜ್ಞಾನಿಗಳು ಅದನ್ನು ಬಳಸುತ್ತ ಬಂದಿದ್ದಾರೆ. ಸುಮಾರು ಒಂದೂವರೆಯಿಂದ ಎರಡು ವರ್ಷದ ನಡುವೆ ಹೆಚ್ಚಿನ ಮಕ್ಕಳು ಕನ್ನಡಿಯನ್ನು ಮುಟ್ಟುವ ಬದಲು ತಮ್ಮ ಮೂಗನ್ನೇ ಮುಟ್ಟಿಕೊಳ್ಳಲು ತೊಡಗುತ್ತಾರೆ. ಇತರರ ಕಣ್ಣಿಗೆ ತಾನು ಕಾಣುತ್ತೇನೆಂಬ ಸಂಕೋಚವೂ ಆ ಹೊತ್ತಿಗೇ ಮೊಳೆಯುತ್ತದೆ. ಒಮ್ಮೆ ಬಂದದ್ದನ್ನು ಕಳಚಿಡಲು ಆಗದು. ಆದ್ದರಿಂದ ನಾನು ದೊಡ್ಡವರ ತರಗತಿಯಲ್ಲಿ ಮೊದಲು ಮಾಡುವುದು ಬಾಗಿಲು ಮುಚ್ಚುವುದು. ನೋಡಲು ಬಂದ ಮಗ, ಸೊಸೆ, ಮೊಬೈಲ್ ಹಿಡಿದ ಅಳಿಯ ಎಲ್ಲರೂ ಹೊರಗೆ. ಒಳಗಿರುವವರೆಲ್ಲರೂ ಹೆಜ್ಜೆ ತಪ್ಪುವವರೇ ಆದಾಗ ತಪ್ಪುವುದು ಸುಲಭ.

ಅಘನಾಶಿನಿ ತೀರ (ಕುಮಟಾ)

ಎಲ್ಲರಿಗೂ ಕೃತಜ್ಞತೆಗಳು. ನಾನು ಮಕ್ಕಳ ಸ್ವಭಾವದಲ್ಲಿ ಹುಡುಕುತ್ತಿದ್ದದ್ದನ್ನು ನೀವೆಲ್ಲ ಮಕ್ಕಳ ಸುತ್ತಲಿನ ಏರ್ಪಾಟಿನಲ್ಲಿ ತೋರಿಸಿದಿರಿ. ಭಾಷಣದ ಯೋಚನೆಯನ್ನು ಬಿಟ್ಟಿದ್ದೇನೆ. ಅದರ ಬದಲು, ಮಕ್ಕಳನ್ನಾಗಲಿ ಸೊಸೆಯಂದಿರನ್ನಾಗಲಿ ಕರೆಯದೆ, ಸದಸ್ಯರು ಇಬ್ಬಿಬ್ಬರಾಗಿ ಕುಳಿತು ಒಂದೊಂದು ರೂಪಾಯಿಯನ್ನು ಒಬ್ಬರಿಂದೊಬ್ಬರಿಗೆ ಕಳುಹಿಸುವುದು, ಬಂದಿದೆಯೇ ಎಂದು ನೋಡುವುದು, ಮತ್ತೆ ಹಿಂದಕ್ಕೆ ಕಳುಹಿಸುವುದು ಎಂದು ಯೋಚಿಸಿದ್ದೇನೆ. ತಪ್ಪಿದರೆ ಹೋಗುವುದು ಒಂದು ರೂಪಾಯಿ, ಅದೂ ಸಂಘದವರಿಗೇ. ಗೊತ್ತಿರುವವರು ಪಕ್ಕದಲ್ಲಿ ಕೂರಬೇಕು, ಆದರೆ ಇನ್ನೊಬ್ಬರ ಮೊಬೈಲನ್ನು ಮುಟ್ಟಬಾರದು ಎಂಬ ನಿಯಮ ಇಡುತ್ತೇನೆ. ನನಗಿರುವ ಒಂದೇ ಅಳುಕು ಏನೆಂದರೆ, ಹೀಗೆ ಸಲೀಸಾಗಿ ಒತ್ತುವುದು ರೂಢಿಯಾದ ಮೇಲೆ ಮೋಸಗಾರರ ಕರೆ ಬಂದಾಗಲೂ ಇವರು ಒತ್ತಿಬಿಟ್ಟರೆ?

ಬೇಲೆಕೇರಿ ರಸ್ತೆ (ಅಂಕೋಲಾ)

ಅಳುಕು ಸಕಾರಣವಾದದ್ದು. ಮಗುವಿಗೆ ಮನೆಯನ್ನೆಲ್ಲ ಬಿಟ್ಟುಕೊಟ್ಟರೂ ಬಾವಿಕಟ್ಟೆ ಮತ್ತು ಒಲೆಯ ವಿಷಯದಲ್ಲಿ ಯಾರೂ ಪ್ರಯೋಗಕ್ಕೆ ಬಿಡುವುದಿಲ್ಲ. ಅಲ್ಲಿ ‘ಬೇಡ’ ಎಂದರೆ ಬೇಡವೇ, ಅದೂ ದಿನಕ್ಕೊಂದು ರೀತಿ ಬದಲಾಗದ ‘ಬೇಡ’. ಸಭೆಯಲ್ಲೂ ಹಾಗೆಯೇ ಒಂದೆರಡು ಗೆರೆಗಳನ್ನು ಮೊದಲೇ ಎಳೆದುಬಿಡಿ. ಪಿನ್ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಹಣ ಪಡೆಯಲು ಪಿನ್ ಎಂದೂ ಬೇಕಾಗುವುದಿಲ್ಲ, ಹಾಗಾಗಿ ನಿಮಗೆ ದುಡ್ಡು ಬರುತ್ತದೆ, ಪಿನ್ ಹಾಕಿ ಎಂದು ಯಾರಾದರೂ ಕರೆ ಮಾಡಿದರೆ ಅದು ಮೋಸವೇ. ಸಾಧ್ಯವಿದ್ದವರು ಕಲಿಯುವಷ್ಟು ದಿನ ಮೊಬೈಲಿಗೆ ಜೋಡಿಸಿದ ಖಾತೆಯಲ್ಲಿ ಸ್ವಲ್ಪವೇ ಹಣ ಇಟ್ಟು, ಉಳಿದದ್ದನ್ನು ಬೇರೆ ಖಾತೆಯಲ್ಲಿ ಇಡಲಿ. ಇಷ್ಟು ಬಿಟ್ಟರೆ ಮಿಕ್ಕ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಲು ಬಿಡಿ. ಭಾಷೆ ಬದಲಾಗಿ ಬೇರೆ ಲಿಪಿ ಬಂದರೆ ಅದನ್ನು ಕನ್ನಡಕ್ಕೆ ಮರಳಿಸುವ ದಾರಿಯನ್ನೂ ಅವರೇ ಹುಡುಕಲಿ, ಸಭೆ ಅರ್ಧ ಗಂಟೆ ತಡವಾಗಿ ಮುಗಿದರೂ ಅಡ್ಡಿಯಿಲ್ಲ.