ಪದಚರ್ಚೆ: ಟಿವಿಯ ‘ಓವರ್‌ಸ್ಕ್ಯಾನ್’ಗೆ ಕನ್ನಡದಲ್ಲಿ ಏನನ್ನೋಣ?

ಮನೆಯ ಟಿವಿಗೆ ಎಚ್‌ಡಿಎಮ್‌ಐ ಕೇಬಲ್‌ನಲ್ಲಿ ಕಂಪ್ಯೂಟರ್ ಜೋಡಿಸಿದಾಗ ಚಿತ್ರ ಪರದೆಗೆ ಸರಿಯಾಗಿ ಕೂರದಿದ್ದರೆ ಏನು ಮಾಡಬೇಕು ಎಂದು ತಿಳಿಸುವ ಕನ್ನಡ ಕೈಪಿಡಿಗೆ ಪದಗಳು ಬೇಕಾಗಿವೆ. ಮುಖ್ಯವಾಗಿ ಎರಡು: ಓವರ್‌ಸ್ಕ್ಯಾನ್ (ಚಿತ್ರದ ಅಂಚು ಪರದೆಯಾಚೆ ಹೋಗಿ ಕಾಣದಿರುವುದು) ಮತ್ತು ಅಂಡರ್‌ಸ್ಕ್ಯಾನ್ (ಚಿತ್ರ ಚಿಕ್ಕದಾಗಿ ಸುತ್ತ ಕಪ್ಪು ಉಳಿಯುವುದು). ‘ಹಿಗ್ಗಿಸು’, ‘ಕುಗ್ಗಿಸು’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಆದರೆ ಹಾಗೆ ಬರೆದರೆ ಓದುಗರು ತಪ್ಪು ಯಂತ್ರಕ್ಕೆ ಕೈ ಹಾಕುತ್ತಾರೆ. ಅದು ಹೇಗೆಂದು ಮೊದಲು ಬಿಡಿಸಿ ಹೇಳುತ್ತೇನೆ.

ಓವರ್‌ಸ್ಕ್ಯಾನ್ ಹುಟ್ಟಿದ್ದು ಗಾಜಿನ ಕೊಳವೆಯ ಟಿವಿಗಳಲ್ಲಿ. ಅಲ್ಲಿ ಎಲೆಕ್ಟ್ರಾನ್ ಕಿರಣ ಸಾಲು ಸಾಲಾಗಿ ಹಾಯ್ದು ಚಿತ್ರ ಬರೆಯುತ್ತಿತ್ತು. ದೃಶ್ಯ ತುಂಬ ಬೆಳಗಿದಾಗ ಕೊಳವೆಯ ಅಧಿಕ ವೋಲ್ಟೇಜ್ ತುಸು ಕುಸಿದು ಚಿತ್ರ ಉಬ್ಬುತ್ತಿತ್ತು. ಬಿಡಿಭಾಗಗಳಿಗೆ ವಯಸ್ಸಾದಂತೆ ಅಳತೆ ಬದಲಾಗುತ್ತಿತ್ತು. ಅಂಚುಗಳು ನೆಟ್ಟಗೆ ಬರುತ್ತಿರಲಿಲ್ಲ. ಅದಕ್ಕಾಗಿ ಕಿರಣವನ್ನು ಪರದೆಯ ಚೌಕಟ್ಟಿಗಿಂತ ಆಚೆಗೂ ಹಾಯಿಸುತ್ತಿದ್ದರು. ಫೋಟೊಗೆ ಕಟ್ಟು ಹಾಕಿಸಿದಾಗ ಸುತ್ತಲಿನ ಒಂದಿಷ್ಟು ಭಾಗ ಮರದ ಅಡಿಗೆ ಹೋಗುವ ಹಾಗೆ ಚಿತ್ರದ ಅಂಚು ಮರೆಯಾಗುತ್ತಿತ್ತು. ಇದನ್ನು ಲೆಕ್ಕದಲ್ಲಿಟ್ಟುಕೊಂಡೇ ಪ್ರಸಾರ ಮಾಡುವವರು ಅಕ್ಷರಗಳನ್ನು ಚಿತ್ರದ ನಡುವಿನ ಶೇ 80ರೊಳಗೆ, ಮುಖ್ಯ ದೃಶ್ಯವನ್ನು ಶೇ 90ರೊಳಗೆ ಇಡುತ್ತಿದ್ದರು.

ಈಗಿನ ಚಪ್ಪಟೆ ಪರದೆಯಲ್ಲಿ ಹಾಯುವ ಕಿರಣವೂ ಇಲ್ಲ, ಉಬ್ಬುವ ಚಿತ್ರವೂ ಇಲ್ಲ. ಆದರೂ ಅಭ್ಯಾಸ ಉಳಿದಿದೆ. 1920×1080 ಚುಕ್ಕೆಗಳ (ಪಿಕ್ಸೆಲ್‌ಗಳ) ಚಿತ್ರ ಬಂದರೆ ಅದು ಪ್ರಸಾರದ ಕಾರ್ಯಕ್ರಮವೇ ಇರಬೇಕು ಎಂದುಕೊಂಡು ಎಷ್ಟೋ ಟಿವಿಗಳು ಸುತ್ತ ಕತ್ತರಿಸಿ, ಉಳಿದದ್ದನ್ನು ಪರದೆಯಗಲ ಎಳೆಯುತ್ತವೆ. ಒಂದೊಂದು ಬದಿಗೆ ಶೇ 2.5 ಎಂದಿಟ್ಟುಕೊಳ್ಳಿ. ಎಡಬಲಕ್ಕೆ 48 ಚುಕ್ಕೆಗಳಂತೆ, ಮೇಲೆ ಕೆಳಗೆ 27ರಂತೆ ಹೋಗಿ 1824×1026 ಉಳಿಯುತ್ತದೆ. ವಿಂಡೋಸ್ 10ರ ಟಾಸ್ಕ್‌ಬಾರ್ ಎತ್ತರ 40 ಚುಕ್ಕೆ. ಅದರಲ್ಲಿ 27 ಕಾಣೆ ಅಂದರೆ ಗಡಿಯಾರದ ತಲೆ ಮಾತ್ರ ಇಣುಕುತ್ತದೆ.

ಅಂಡರ್‌ಸ್ಕ್ಯಾನ್ ಇದರ ತಿರುಗುಮುರುಗು. ಟಿವಿ ಕತ್ತರಿಸುತ್ತದೆ ಎಂದು ಮೊದಲೇ ಊಹಿಸಿ ಕಂಪ್ಯೂಟರಿನ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ತಂತ್ರಾಂಶ, ಚಿತ್ರವನ್ನು ಒಳಕ್ಕೆ ಸರಿಸಿ ಸುತ್ತ ಕಪ್ಪು ತುಂಬುತ್ತದೆ. ಗ್ರಾಫಿಕ್ಸ್ ಚಿಪ್ ತಯಾರಿಸುವ ಎಎಮ್‌ಡಿಯ ಹಳೆಯ ಡ್ರೈವರ್‌ಗಳು ಟಿವಿ ಕಂಡೊಡನೆ ತಾವಾಗಿಯೇ ಹೀಗೆ ಮಾಡುತ್ತಿದ್ದವು. ಕತ್ತರಿಸದ ಟಿವಿಗೆ ಇಂಥ ಚಿತ್ರ ಹೋದರೆ ನಾಲ್ಕೂ ಕಡೆ ಕಪ್ಪು ಪಟ್ಟಿ ಉಳಿಯುತ್ತದೆ.

ಟಿವಿ ಕತ್ತರಿಸುತ್ತಿರುವಾಗ ಕಂಪ್ಯೂಟರಿನಲ್ಲಿ ಕುಗ್ಗಿಸಿದರೆ ಲೆಕ್ಕ ಸರಿಹೋದಂತೆ ತೋರುತ್ತದೆ. ನಾಲ್ಕು ಮೂಲೆಯೂ ಕಾಣುತ್ತವೆ. ಆದರೆ ಡ್ರೈವರ್ ಒಮ್ಮೆ ಕುಗ್ಗಿಸಿ, ಟಿವಿ ಇನ್ನೊಮ್ಮೆ ಹಿಗ್ಗಿಸಿ ಅಕ್ಷರ ಮಸುಕಾಗಿರುತ್ತದೆ. ಕನ್ನಡ ಓದುವವರಿಗೆ ಇದು ಹೆಚ್ಚಿನ ಪೆಟ್ಟು. ದ ಮತ್ತು ಧ, ಡ ಮತ್ತು ಢ, ಪ ಮತ್ತು ಷ ಬೇರೆಯಾಗುವುದು ಒಂದು ಸಣ್ಣ ಗೀಟಿನಿಂದ. ಆ ಗೀಟು ಒಂದೋ ಎರಡೋ ಚುಕ್ಕೆಯಷ್ಟೇ ಅಗಲವಿದ್ದಾಗ ಮರುಅಳತೆಯಲ್ಲಿ ಬೂದಿಬಣ್ಣವಾಗಿ ಕರಗುತ್ತದೆ. ಬರಿಯ ಕತ್ತರಿಯಲ್ಲೂ ಮೊದಲು ಹೋಗುವುದು ಉಪಶೀರ್ಷಿಕೆಯ ಕೆಳಸಾಲಿನ ಒತ್ತಕ್ಷರ. ಹಾಗಾಗಿ ಕೈಪಿಡಿ ‘ಚಿತ್ರ ಚಿಕ್ಕದಾಗಿಸಿ’ ಎಂದು ಹೇಳಬಾರದು, ‘ಟಿವಿ ಕತ್ತರಿಸುವುದನ್ನು ನಿಲ್ಲಿಸಿ’ ಎಂದು ಹೇಳಬೇಕು.

ಕ್ರಮ ಹೀಗಿರಬೇಕು. ಮೊದಲು ಕಂಪ್ಯೂಟರಿನಲ್ಲಿ ರೆಸಲ್ಯೂಶನ್ ಅನ್ನು ಟಿವಿಯ ಸಹಜ ಅಳತೆಗೆ ಇಟ್ಟು, ಡ್ರೈವರ್‌ನ ಸ್ಕೇಲಿಂಗ್ ಜಾರುಪಟ್ಟಿಯನ್ನು ಸೊನ್ನೆಗೆ ತರುವುದು. ಆಮೇಲೆ ಟಿವಿ ರಿಮೋಟ್‌ನಲ್ಲಿ ಚಿತ್ರದ ಅಳತೆಯ ಮೆನು. ಅಲ್ಲೂ ಬದಲಾಗದಿದ್ದರೆ ಆ ಎಚ್‌ಡಿಎಮ್‌ಐ ಕಿಂಡಿಯ ಹೆಸರನ್ನು ‘ಪಿಸಿ’ ಎಂದು ಬದಲಿಸುವುದು. ಹಲವು ಟಿವಿಗಳಲ್ಲಿ ಇದು ಬರಿಯ ಹೆಸರಲ್ಲ, ಇದರಿಂದಲೇ ಟಿವಿ ಕತ್ತರಿ ಕೆಳಗಿಡುತ್ತದೆ. ಕೊನೆಗೆ ಪರೀಕ್ಷೆ: ಪೇಂಟ್‌ನಲ್ಲಿ 1920×1080 ಅಳತೆಯ ಚಿತ್ರ ತೆರೆದು, ತೀರಾ ಅಂಚಿನಲ್ಲಿ ಒಂದು ಚುಕ್ಕೆ ದಪ್ಪದ ಕೆಂಪು ಚೌಕಟ್ಟು, ಒಳಗೆ ಒಂದು ಚುಕ್ಕೆ ಕಪ್ಪು ಒಂದು ಚುಕ್ಕೆ ಬಿಳಿ ಗೀಟುಗಳು. ಅದನ್ನು ಪರದೆ ತುಂಬ ತೋರಿಸಿದಾಗ ಕೆಂಪು ನಾಲ್ಕೂ ಕಡೆ ಕಾಣಬೇಕು, ಗೀಟುಗಳು ಬಿಡಿಬಿಡಿಯಾಗಿ ನಿಲ್ಲಬೇಕು. ಗೀಟುಗಳ ನಡುವೆ ಬೂದು ಪಟ್ಟೆಗಳು ಎದ್ದರೆ ಎಲ್ಲೋ ಮರುಅಳತೆ ಇನ್ನೂ ನಡೆಯುತ್ತಿದೆ ಎಂದೇ ಅರ್ಥ. ವಿಡಿಯೊ ನೋಡುವ ತಂತ್ರಾಂಶವಾದ ‘ಕೋಡಿ’ಯಲ್ಲಿರುವ ವಿಡಿಯೊ ಕ್ಯಾಲಿಬ್ರೇಶನ್ ಕೋಡಿಯ ಚೌಕಟ್ಟನ್ನಷ್ಟೇ ಸರಿಸುತ್ತದೆ, ಡೆಸ್ಕ್‌ಟಾಪನ್ನು ಮುಟ್ಟುವುದಿಲ್ಲ. ಟಿವಿಯಲ್ಲಿ ದಾರಿಯೇ ಇಲ್ಲದಾಗ ಮಾತ್ರ ಅದು.

ಇನ್ನು 1366×768 ಪರದೆಯ 32 ಇಂಚಿನ ಟಿವಿಗಳದು ಬೇರೆ ಕತೆ. ಅವು 1080 ಸಾಲಿನ ಚಿತ್ರವನ್ನು ಒಪ್ಪಿಕೊಂಡರೂ ಅಷ್ಟು ಚುಕ್ಕೆಗಳು ಪರದೆಯಲ್ಲೇ ಇಲ್ಲ. ಕತ್ತರಿ ನಿಲ್ಲಿಸಿದರೂ ಮಸುಕು ಉಳಿಯುತ್ತದೆ. ಅದನ್ನು ಓವರ್‌ಸ್ಕ್ಯಾನ್ ಎಂದು ಕರೆಯಬಾರದು.

ಈಗ ಪದಗಳಿಗೆ ಬರೋಣ. ‘ಓವರ್’ಗೆ ‘ಅತಿ’ ಹಚ್ಚಿ ‘ಅತಿವ್ಯಾಪ್ತಿ’ ಎನ್ನಬಹುದೇ ಎಂಬ ಸಲಹೆ ಸಹಜ. ಆದರೆ ತರ್ಕಶಾಸ್ತ್ರದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಲಕ್ಷಣದೋಷಗಳಲ್ಲಿ (ವ್ಯಾಖ್ಯೆಯ ತಪ್ಪುಗಳಲ್ಲಿ) ಅದಕ್ಕೆ ಗಟ್ಟಿಯಾದ ಸ್ಥಾನವಿದೆ. ಅದನ್ನು ಎಳೆದು ತರುವುದು ಸರಿಯಲ್ಲ. ‘ಜೋಡಣೆ’ ಎಂಬ ಪದವೂ ಇಲ್ಲಿ ಅಪಾಯ: ಕೇಬಲ್ ಸಿಕ್ಕಿಸುವುದಕ್ಕೂ ಅದೇ, ಚಿತ್ರ ಸರಿಹೊಂದಿಸುವುದಕ್ಕೂ ಅದೇ ಆಗಿ ಓದುಗರು ಕೇಬಲ್ ಕಿತ್ತು ಮತ್ತೆ ಹಾಕುತ್ತಾರೆ. ಚಿತ್ರಕ್ಕೆ ‘ಕೂರುವುದು’, ‘ಕೂರಿಸುವುದು’ ಸಾಕು.

ಬಳಕೆಯ ಮಾತಿನಲ್ಲಿ ದೋಷಗಳು ಆಗಲೇ ಬೇರೆ ಬೇರೆಯಾಗಿವೆ. ‘ಸೈಡ್ ಕಟ್ ಆಗ್ತಿದೆ’ ಎಂದರೆ ಓವರ್‌ಸ್ಕ್ಯಾನ್. ‘ಸುತ್ತ ಬ್ಲ್ಯಾಕ್ ಬರ್ತಿದೆ’ ಎಂದರೆ ಅಂಡರ್‌ಸ್ಕ್ಯಾನ್. ‘ಎಳೆದ ಹಾಗಿದೆ’ ಎಂದರೆ ಅಗಲ ಎತ್ತರಗಳ ಅನುಪಾತ ಕೆಟ್ಟಿದೆ. ಇಂಗ್ಲಿಷಿನಲ್ಲೇ ಇಷ್ಟು ಸ್ಪಷ್ಟತೆ ಇಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಹಳೆಯ ಸಂರಚನಾ ಕಡತದಲ್ಲಿ ‘ಡಿಸೇಬಲ್ ಓವರ್‌ಸ್ಕ್ಯಾನ್’ ಸಾಲಿಗೆ 1 ಕೊಟ್ಟರೆ ಹೋಗುವುದು ಟಿವಿಯ ಕತ್ತರಿಯಲ್ಲ, ಪೈ ತಾನೇ ಸುತ್ತ ಸೇರಿಸಿದ ಕಪ್ಪು ಪಟ್ಟಿ! ಅಲ್ಲಿ ‘ಓವರ್‌ಸ್ಕ್ಯಾನ್’ ಎಂದರೆ ಓವರ್‌ಸ್ಕ್ಯಾನ್‌ಗೆ ಪರಿಹಾರ. ಅದರ ಸಂರಚನಾ ಮೆನುವಿನಲ್ಲಿ ಮುಂದೆ ‘ಅಂಡರ್‌ಸ್ಕ್ಯಾನ್’ ಎಂದು ತಿದ್ದಿದರು. ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಈ ಗೊಂದಲವೂ ಕನ್ನಡಕ್ಕೆ ಬರುತ್ತದೆ.

ನನ್ನ ಒಲವು ‘ಅಂಚುಕಡಿತ’ದ ಕಡೆಗೆ. ವೇತನ ಕಡಿತ, ವಿದ್ಯುತ್ ಕಡಿತ ಎನ್ನುವಲ್ಲಿ ಯಾರೋ ಕಡಿದಿದ್ದಾರೆ, ನಮಗೆ ನಷ್ಟವಾಗಿದೆ ಎಂಬ ಭಾವವಿದೆ. ಇಲ್ಲಿಯೂ ಅದು ನಿಜ. ‘ಟಿವಿ ಅಂಚುಕಡಿತ ಮಾಡುತ್ತಿದೆಯೇ ನೋಡಿ’ ಎಂದು ಬರೆದರೆ ಯಾವ ಯಂತ್ರದ ಕೆಲಸ ಎಂಬುದು ವಾಕ್ಯದಲ್ಲೇ ಬರುತ್ತದೆ. ಎರಡೂ ದೋಷ ಇಲ್ಲದ ಸ್ಥಿತಿಗೆ ‘ಚುಕ್ಕೆಗೆ ಚುಕ್ಕೆ’: ಕಂಪ್ಯೂಟರ್ ಕಳಿಸಿದ ಒಂದು ಚುಕ್ಕೆಗೆ ಪರದೆಯ ಒಂದು ಚುಕ್ಕೆ. ಟಿವಿ ಮೆನುವಿನ ಹೆಸರುಗಳನ್ನು ಮಾತ್ರ ಅನುವಾದಿಸುವುದು ಬೇಡ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’, ಫಿಲಿಪ್ಸ್‌ನಲ್ಲಿ ‘ಅನ್‌ಸ್ಕೇಲ್ಡ್’, ಶಾರ್ಪ್‌ನಲ್ಲಿ ‘ಡಾಟ್ ಬೈ ಡಾಟ್’ ಎಂದು ಬರುತ್ತದೆ. ಓದುಗರು ಪರದೆಯಲ್ಲಿ ಹುಡುಕಬೇಕಾದದ್ದು ಆ ಹೆಸರನ್ನೇ. ಪಕ್ಕದಲ್ಲಿ ‘ಇದು ಚುಕ್ಕೆಗೆ ಚುಕ್ಕೆ’ ಎಂದು ಹೇಳಿದರಾಯಿತು.

ಅಂಡರ್‌ಸ್ಕ್ಯಾನ್‌ಗೆ ಇನ್ನೂ ಒಪ್ಪುವ ಪದ ಸಿಕ್ಕಿಲ್ಲ. ‘ಅಂಚುಬಿಡುವು’ ಎಂದರೆ ಕೇಳಲು ಹಿತ, ಆದರೆ ‘ಅಂಚುಕಡಿತ’ದಲ್ಲಿ ಅಂಚು ಚಿತ್ರದ್ದು, ಇಲ್ಲಿ ಪರದೆಯದ್ದು, ಜೋಡಿಪದಗಳಲ್ಲಿ ಒಂದೇ ಮಾತಿಗೆ ಎರಡರ್ಥ ಬರುತ್ತದೆ. ‘ಕುಗ್ಗಿಕೆ’ ಎಂದರೆ ಕಡತ ಕುಗ್ಗಿಸುವುದರ ಜತೆ ಗಂಟು ಬೀಳುತ್ತದೆ. ‘ಒಳಸರಿತ’ ಎಂಬುದು ನಿಮ್ಮ ಕಡೆಯ ಮಾತಿಗೆ ಒಗ್ಗುತ್ತದೆಯೇ? ಬಡಗಿಗಳು, ದರ್ಜಿಗಳು, ಮುದ್ರಣದವರು ಸುತ್ತಲೂ ಒಂದಿಷ್ಟು ಜಾಗ ಬಿಟ್ಟು ಒಳಕ್ಕೆ ಸರಿಸುವುದಕ್ಕೆ ಬಳಸುವ ಪದ ಯಾವುದಾದರೂ ಇದ್ದರೆ, ಯಾವ ಊರಿನ ಬಳಕೆ ಎಂಬುದರ ಜತೆಗೆ ತಿಳಿಸಿ.