ನಾಲ್ಕು ಯೂನಿಟ್‌ಗಳಲ್ಲಿ ಎರಡನ್ನು ಬಿಟ್ಟರೆ ಯೂತ್ ಅಲೊವನ್ಸ್ ಮುಂದುವರಿಯುತ್ತದೆಯೇ?

ಪ್ರಶ್ನೆ

ಆಸ್ಟ್ರೇಲಿಯಾದ ವಿದ್ಯಾರ್ಥಿ ಭತ್ಯೆಯ ನಿಯಮಗಳನ್ನು ಬಲ್ಲವರಲ್ಲಿ ಒಂದು ವಿಚಾರ ಕೇಳಬೇಕಾಗಿದೆ. ನನ್ನ ಮಗಳಿಗೆ 23 ವರ್ಷ. ಮೂರು ವರ್ಷಗಳ ಪದವಿಯಲ್ಲಿ ಮೊದಲ ವರ್ಷದ ಎಂಟೂ ಯೂನಿಟ್‌ಗಳಲ್ಲಿ (ಪಠ್ಯವಿಷಯಗಳಲ್ಲಿ) ತೇರ್ಗಡೆಯಾಗಿ, ಈಗ ಎರಡನೆಯ ವರ್ಷದ ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ಯೂನಿಟ್‌ಗಳಿಗೆ ಸೇರಿಕೊಂಡಿದ್ದಾಳೆ. ನಾವೆಲ್ಲರೂ ಇಲ್ಲಿನ ಪೌರರಾಗಿದ್ದು, ಅವಳಿಗೆ ಸರ್ಕಾರಿ ಭತ್ಯೆಗಳನ್ನು ನೀಡುವ ಸೆಂಟರ್‌ಲಿಂಕ್ ಮೂಲಕ ಯೂತ್ ಅಲೊವನ್ಸ್ ಎಂಬ ಭತ್ಯೆ ಬರುತ್ತಿದೆ. ಮನೆ ಬಾಡಿಗೆಯನ್ನು ಅವಳು ಕಟ್ಟುವುದು ಬಹುಮಟ್ಟಿಗೆ ಅದರಿಂದಲೇ.

ಕೆಲವು ತಿಂಗಳುಗಳಿಂದ ಅವಳಿಗೆ ತೀವ್ರ ಆತಂಕ ಮತ್ತು ನಿದ್ರಾಹೀನತೆ ಕಾಡುತ್ತಿವೆ. ಓದಿನ ಹೊರೆಯನ್ನು ತಗ್ಗಿಸುವುದು ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ಎರಡು ಯೂನಿಟ್‌ಗಳನ್ನು ಕೈಬಿಡಲು ಯೋಚಿಸುತ್ತಿದ್ದಾಳೆ. ಸೆನ್ಸಸ್ ದಿನಾಂಕ (ಸೆಮಿಸ್ಟರಿನ ಶುಲ್ಕ ಖಚಿತವಾಗುವ ದಿನ) ಕಳೆದ ಮೇಲೆ ಬಿಟ್ಟರೆ ಭತ್ಯೆಗೆ ಏನೂ ಆಗುವುದಿಲ್ಲವೆಂದು ಅವಳ ಸಹಪಾಠಿಯೊಬ್ಬರು ಹೇಳುತ್ತಾರೆ. ಅದು ನಿಜವೇ? ಮಗಳ ಆರೋಗ್ಯಕ್ಕಿಂತ ಹಣ ದೊಡ್ಡದಲ್ಲ. ಆದರೆ ಭತ್ಯೆ ನಿಂತುಹೋದರೆ ಆ ಚಿಂತೆಯೇ ಅವಳ ಆತಂಕವನ್ನು ಇನ್ನಷ್ಟು ಹೆಚ್ಚಿಸುತ್ತದೆಂಬ ಭಯ ನನ್ನದು.

ಉತ್ತರ 1

ಮೊದಲು ಲೆಕ್ಕವನ್ನು ನೋಡೋಣ. ಯೂತ್ ಅಲೊವನ್ಸ್ ಪಡೆಯುವ ವಿದ್ಯಾರ್ಥಿಯನ್ನು ಪೂರ್ಣಾವಧಿ ವಿದ್ಯಾರ್ಥಿಯೆಂದು ಪರಿಗಣಿಸಲು ಆ ಕೋರ್ಸಿನ ಸಾಮಾನ್ಯ ಪೂರ್ಣ ಹೊರೆಯ ಕನಿಷ್ಠ ಶೇ. 75ರಷ್ಟನ್ನಾದರೂ ಅವರು ಓದುತ್ತಿರಬೇಕು. 25 ದಾಟಿದ ವಿದ್ಯಾರ್ಥಿಗಳಿಗೆ ಸಿಗುವ ಆಸ್ಟಡಿ ಭತ್ಯೆಗೂ ಇದೇ ಅಳತೆ. ವಿಶ್ವವಿದ್ಯಾಲಯಗಳಲ್ಲಿ ಈ ಹೊರೆಯನ್ನು ಇಎಫ್‌ಟಿಎಸ್‌ಎಲ್ ಎಂಬ ಮಾನದಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಪೂರ್ಣ ವರ್ಷಕ್ಕೆ 1, ಒಂದು ಸೆಮಿಸ್ಟರಿಗೆ 0.5. ವರ್ಷಕ್ಕೆ ಎಂಟು ಸಮಾನ ಯೂನಿಟ್‌ಗಳಿರುವ ಕೋರ್ಸಿನಲ್ಲಿ ಒಂದೊಂದು ಯೂನಿಟ್ಟಿನ ತೂಕ 0.125 ಆಗುತ್ತದೆ. ಸೆಮಿಸ್ಟರಿನ ಶೇ. 75 ಎಂದರೆ 0.375, ಅಂದರೆ ಸರಿಯಾಗಿ ಮೂರು ಯೂನಿಟ್. ಎರಡಕ್ಕೆ ಇಳಿದರೆ ಹೊರೆ ಶೇ. 50ಕ್ಕೆ ಬರುತ್ತದೆ, ಸಾಮಾನ್ಯ ನಿಯಮದಡಿ ಆಗ ಭತ್ಯೆ ಉಳಿಯುವುದಿಲ್ಲ.

ಸೆನ್ಸಸ್ ದಿನಾಂಕದ ಬಗ್ಗೆ ನಿಮ್ಮ ಮಗಳ ಸಹಪಾಠಿ ಹೇಳಿದ್ದು ತಪ್ಪು, ಮತ್ತು ಇದು ಅನೇಕರನ್ನು ಸಾಲಕ್ಕೆ ತಳ್ಳುವಂಥ ತಪ್ಪು. ಆ ದಿನಾಂಕ ಇರುವುದು ಶುಲ್ಕಕ್ಕಾಗಿ. ಅಂದಿಗೆ ಯಾವ ಯೂನಿಟ್‌ಗಳಲ್ಲಿ ಹೆಸರಿದೆಯೋ ಅವುಗಳ ಶುಲ್ಕ ಹೆಕ್ಸ್-ಹೆಲ್ಪ್ ಎಂಬ ಸರ್ಕಾರಿ ಶಿಕ್ಷಣ ಸಾಲವಾಗಿ ಖಾತೆಗೆ ಸೇರುತ್ತದೆ. ಭತ್ಯೆಯ ಪ್ರಶ್ನೆಯೇ ಬೇರೆ: ವಿದ್ಯಾರ್ಥಿ ಈಗ ವಾಸ್ತವವಾಗಿ ಎಷ್ಟು ಓದುತ್ತಿದ್ದಾರೆ ಎಂಬುದನ್ನು ಅದು ನೋಡುತ್ತದೆ. ಆದ್ದರಿಂದ ಸೆನ್ಸಸ್ ದಾಟಿದ ಮೇಲೆ ಎರಡು ಯೂನಿಟ್ ಬಿಟ್ಟರೆ ಶುಲ್ಕದ ಸಾಲವೂ ಉಳಿಯುತ್ತದೆ, ಭತ್ಯೆಯ ಅರ್ಹತೆಯೂ ತಪ್ಪುತ್ತದೆ. ಬಿಡುವುದೇ ಆದರೆ ಸೆನ್ಸಸ್‌ಗೆ ಮುಂಚೆಯೇ ಬಿಡುವುದು ಲೇಸು.

ಉತ್ತರ 2

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಅದು ಸಾಮಾನ್ಯ ನಿಯಮ ಮಾತ್ರ. 1991ರ ಸೋಷಿಯಲ್ ಸೆಕ್ಯೂರಿಟಿ ಕಾಯ್ದೆಯಲ್ಲಿ ರಿಯಾಯಿತಿ ಹೊರೆಯ ವಿದ್ಯಾರ್ಥಿಗಳೆಂಬ ಎರಡು ವರ್ಗಗಳಿವೆ: ಶೇ. 66ರದು ಒಂದು, ಶೇ. 25ರದು ಇನ್ನೊಂದು. ಈ ವರ್ಗಗಳಿಗೆ ಸೇರಿದವರು ಕಡಿಮೆ ಓದಿದರೂ ಭತ್ಯೆಯ ಮಟ್ಟಿಗೆ ಪೂರ್ಣಾವಧಿ ವಿದ್ಯಾರ್ಥಿಗಳೇ.

ಶೇ. 66ರ ರಿಯಾಯಿತಿ ಇರುವುದು ವಿದ್ಯಾಸಂಸ್ಥೆಯ ನಿಯಮದಿಂದಲೋ ಅದರ ಲಿಖಿತ ಸೂಚನೆಯಿಂದಲೋ ಪೂರ್ಣ ಹೊರೆ ಹೊರಲಾಗದವರಿಗೆ. ಆದರೆ ನಾಲ್ಕು ಸಮಾನ ಯೂನಿಟ್‌ಗಳ ಸೆಮಿಸ್ಟರಿನಲ್ಲಿ ಎರಡು ಎಂದರೆ ಶೇ. 50, ಮೂರು ಎಂದರೆ ಶೇ. 75, ನಡುವೆ ನಿಲ್ಲಲು ಜಾಗವೇ ಇಲ್ಲ. ಯೂನಿಟ್‌ಗಳ ತೂಕದಲ್ಲಿ ಹೆಚ್ಚುಕಡಿಮೆ ಇರುವ ಕೋರ್ಸುಗಳಲ್ಲಷ್ಟೇ ಅದು ಉಪಯೋಗಕ್ಕೆ ಬರುತ್ತದೆ.

ನಿಮ್ಮ ಮಗಳ ಸ್ಥಿತಿಗೆ ಶೇ. 25ರ ದಾರಿಯನ್ನು ವಿಚಾರಿಸಬೇಕು. ಗಣನೀಯ ದೈಹಿಕ ಅಸಾಮರ್ಥ್ಯ ಇಲ್ಲವೇ ಮಾನಸಿಕ ಅಥವಾ ಬೌದ್ಧಿಕ ಅಸಾಮರ್ಥ್ಯ ಇರುವವರಿಗಾಗಿ ಅದನ್ನು ರೂಪಿಸಿದ್ದಾರೆ. ಆ ಕಾರಣದಿಂದಾಗಿ ಈ ವಿದ್ಯಾರ್ಥಿ ಪೂರ್ಣ ಹೊರೆಯನ್ನು ಯಶಸ್ವಿಯಾಗಿ ಓದಲಾರರೆಂದು ಅರ್ಹ ವೈದ್ಯರು ಬರವಣಿಗೆಯಲ್ಲಿ ತಿಳಿಸಬೇಕಾಗುತ್ತದೆ. ‘ಹೊರೆ ತಗ್ಗಿಸಿದರೆ ಒಳ್ಳೆಯದು’ ಎಂಬ ಸಲಹೆ ಇದಕ್ಕೆ ಸಾಲದು. ತೊಂದರೆ ಏನು, ಅದು ಓದನ್ನು ಹೇಗೆ ಬಾಧಿಸುತ್ತದೆ, ಎಷ್ಟು ಕಾಲ ಹೀಗೇ ಇರಬಹುದು ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯುವಂತೆ ವೈದ್ಯರನ್ನು ಕೇಳಿಕೊಳ್ಳಿ. ಇದಕ್ಕೆ ಒಪ್ಪಿಗೆ ಸಿಕ್ಕರೆ ಎರಡು ಯೂನಿಟ್ ಓದಿಯೂ ಭತ್ಯೆ ಮುಂದುವರಿಯುತ್ತದೆ. ಒಪ್ಪಿಗೆಯ ಮಾತು ಖಚಿತವಾಗುವವರೆಗೆ ದಯವಿಟ್ಟು ಯೂನಿಟ್ ಬಿಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ವೈದ್ಯರನ್ನು ಮತ್ತೊಮ್ಮೆ ಕಾಣಲು ಸಮಯ ಗೊತ್ತುಮಾಡಿಕೊಂಡಿದ್ದೇವೆ. ಒಂದು ವೇಳೆ ಶೇ. 25ರ ರಿಯಾಯಿತಿ ಸಿಗದಿದ್ದರೆ, ಪದವಿ ಮುಗಿಯುವವರೆಗೂ ಸೆಮಿಸ್ಟರಿಗೆ ಮೂರೇ ಯೂನಿಟ್‌ಗಳಂತೆ ಓದಿಕೊಂಡು ಹೋಗಬಹುದೇ?

ಉತ್ತರ 3

ಓದಬಹುದು, ಆದರೆ ಕೊನೆಯವರೆಗೂ ಅಲ್ಲ. ಹೊರೆಯ ನಿಯಮದ ಬೆನ್ನಿಗೇ ಕಾಲಮಿತಿಯ ನಿಯಮವೂ ಇದೆ. ಸೆಮಿಸ್ಟರ್ ಪದ್ಧತಿಯ ಕೋರ್ಸಿಗೆ ಕನಿಷ್ಠ ಅವಧಿಯ ಜೊತೆಗೆ ಇನ್ನೊಂದು ಸೆಮಿಸ್ಟರಿನಷ್ಟು ಕಾಲ ಮಾತ್ರ ಭತ್ಯೆ ದೊರೆಯುತ್ತದೆ. ಮೂರು ವರ್ಷದ ಪದವಿಗೆ ಒಟ್ಟು ಏಳು ಸೆಮಿಸ್ಟರ್. ಮೊದಲಿನಿಂದಲೂ ಮೂರರಂತೆ ಓದಿದವರಿಗೆ 24 ಯೂನಿಟ್ ಮುಗಿಸಲು ಎಂಟು ಸೆಮಿಸ್ಟರ್ ಬೇಕಾಗಿ, ಪ್ರತಿ ಸೆಮಿಸ್ಟರಿನಲ್ಲೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದೂ ಕೊನೆಯ ಸೆಮಿಸ್ಟರಿನಲ್ಲಿ ಭತ್ಯೆಯಿಲ್ಲದೆ ನಿಲ್ಲಬೇಕಾಗುತ್ತದೆ.

ನಿಮ್ಮ ಮಗಳು ಎರಡು ಸೆಮಿಸ್ಟರಿನಲ್ಲಿ ಎಂಟು ಮುಗಿಸಿರುವುದು ಇಲ್ಲಿ ಕೈಹಿಡಿಯುತ್ತದೆ. ಉಳಿದ 16 ಯೂನಿಟ್‌ಗಳಿಗೆ ಐದು ಸೆಮಿಸ್ಟರ್ ಇವೆ. ನಾಲ್ಕು ಸೆಮಿಸ್ಟರ್ ಮೂರರಂತೆಯೂ ಒಂದು ಸೆಮಿಸ್ಟರ್ ನಾಲ್ಕರಂತೆಯೂ ಓದಿದರೆ ಲೆಕ್ಕ ಸರಿಹೋಗುತ್ತದೆ. ಈ ಸೆಮಿಸ್ಟರಿನಲ್ಲಿ ಒಂದೇ ಯೂನಿಟ್ ಬಿಟ್ಟು, ಆ ನಾಲ್ಕರ ಸೆಮಿಸ್ಟರನ್ನು ಅವಳು ಚೇತರಿಸಿಕೊಂಡ ಕಾಲಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಬೇಸಿಗೆ ಅವಧಿಯಲ್ಲಿ ಒಂದು ಯೂನಿಟ್ ಓದಲು ವಿಶ್ವವಿದ್ಯಾಲಯ ಅವಕಾಶ ಕೊಟ್ಟರೆ ಆ ನಾಲ್ಕೂ ಮೂರಕ್ಕೆ ಇಳಿಯುತ್ತದೆ. ಆದರೆ ಇದರಲ್ಲಿ ಅನುತ್ತೀರ್ಣತೆಗೆ ಹೆಚ್ಚಿನ ಜಾಗವಿಲ್ಲ ಎಂಬುದು ನೆನಪಿರಲಿ.

ಓದನ್ನೇ ಕೆಲಕಾಲ ನಿಲ್ಲಿಸಬೇಕಾಗಿ ಬಂದರೆ ಇನ್ನೊಂದು ದಾರಿಯಿದೆ. ಕಾಯಿಲೆಯಿಂದ ತಾತ್ಕಾಲಿಕವಾಗಿ ಓದಲಾಗದೆ, ಮತ್ತೆ ಓದಿಗೆ ಮರಳುವ ಉದ್ದೇಶವಿರುವ 22 ದಾಟಿದವರು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಜಾಬ್‌ಸೀಕರ್ ಭತ್ಯೆಗೆ ಅರ್ಜಿ ಹಾಕಬಹುದು.

ಉತ್ತರ 4

ನನ್ನದೇ ಅನುಭವವನ್ನು ಹೇಳಬೇಕೆನಿಸಿತು. ನಾನು ಮೂರು ಯೂನಿಟ್ ಓದುತ್ತಿದ್ದಾಗ ಸೆಮಿಸ್ಟರಿನ ನಡುವೆ ಒಂದನ್ನು ಬಿಟ್ಟೆ. ವಿದ್ಯಾಸಂಸ್ಥೆಯಿಂದ ಮಾಹಿತಿ ತಾನಾಗಿಯೇ ಹೋಗುತ್ತದೆಂದು ನಂಬಿ ಸುಮ್ಮನಿದ್ದೆ. ಮುಂದೆ, ಆ ದಿನದಿಂದ ಪಡೆದ ಅಷ್ಟೂ ಭತ್ಯೆಯನ್ನು ಹಿಂದಿರುಗಿಸಬೇಕೆಂಬ ಪತ್ರ ಬಂತು. ಅದನ್ನು ಕಂತುಗಳಲ್ಲಿ ತೀರಿಸುತ್ತಾ ಪರೀಕ್ಷೆಗೆ ಓದಿದ ದಿನಗಳು ಇನ್ನೂ ಮರೆತಿಲ್ಲ. ಹೊರೆ ಬದಲಾದರೆ 14 ದಿನಗಳೊಳಗೆ ತಿಳಿಸುವುದು ವಿದ್ಯಾರ್ಥಿಯ ಹೊಣೆಯೇ. ನಾಲ್ಕರಿಂದ ಮೂರಕ್ಕೆ ಇಳಿದು ಅರ್ಹತೆ ಉಳಿದರೂ ತಿಳಿಸಿ, ರಶೀದಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ರಿಯಾಯಿತಿ ನಿರಾಕರಣೆಯಾದರೆ ಅಲ್ಲಿಗೇ ಬಿಡಬೇಡಿ. ಮೊದಲು ಸೆಂಟರ್‌ಲಿಂಕಿನೊಳಗೇ ಮರುಪರಿಶೀಲನೆ ಕೇಳಬಹುದು. ಅದರಲ್ಲೂ ಒಪ್ಪಿಗೆಯಾಗದಿದ್ದರೆ 2024ರ ಅಕ್ಟೋಬರ್‌ನಲ್ಲಿ ಕೆಲಸ ಆರಂಭಿಸಿದ, ಸರ್ಕಾರಿ ನಿರ್ಧಾರಗಳನ್ನು ಮರುಪರಿಶೀಲಿಸುವ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯುನಲ್ ಇದೆ. ಸೆನ್ಸಸ್ ಕಳೆದ ಮೇಲೆ ಕಾಯಿಲೆ ಉಲ್ಬಣಿಸಿ ಯೂನಿಟ್ ಬಿಡಬೇಕಾಗಿ ಬಂದರೆ, ವಿಶೇಷ ಸಂದರ್ಭವೆಂದು ತೋರಿಸಿ ಆ ಯೂನಿಟ್ಟಿನ ಹೆಲ್ಪ್ ಸಾಲವನ್ನು ತೆಗೆಸಲು ವಿಶ್ವವಿದ್ಯಾಲಯಕ್ಕೆ 12 ತಿಂಗಳೊಳಗೆ ಪ್ರತ್ಯೇಕ ಅರ್ಜಿ ಕೊಡಬಹುದು. ಆ ಅರ್ಜಿಗೂ ವೈದ್ಯರ ಪತ್ರ ಬೇಕಾಗುವುದರಿಂದ, ಈಗ ಬರೆಸುವ ಪತ್ರದ ಒಂದು ಪ್ರತಿಯನ್ನು ಮಗಳ ಬಳಿ ಇರಿಸಿ.